ಓರಣಮ್ಮನ ಹಸಿರು ಕೋಟು

ಜನವರಿ ೮, ಸೋಮವಾರ

ಮಗಳ ಮನೆಗೆ ಬಂದು ಸೇರಿದೆ. ಅವಳು ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ಆರು ವಾರ ಹಾಗೇ ಇರಬೇಕಂತೆ. ಕರೆದವಳು ಅವಳಲ್ಲ, ಅಳಿಯ. "ಅತ್ತೆ, ನಾನು ಬೆಳಗಾಗೋ ಮುಂಚೆ ಈಜುಕೊಳಕ್ಕೆ ಓಡ್ಬೇಕು. ಇವಳಿಗೆ ತಲೆ ಬಾಚೋರೂ ಇಲ್ಲ," ಎಂದು ಫೋನ್ ಮಾಡಿದ. ಅವನು ಮಕ್ಕಳಿಗೆ ಈಜು ಕಲಿಸುತ್ತಾನೆ. ಯಾವಾಗ ನೋಡಿದರೂ ಕೊಳದ ಔಷಧಿಯ ವಾಸನೆ. ಒಳ್ಳೆಯ ಹುಡುಗ. ಚಪ್ಪಲಿ ಮಾತ್ರ ಒಂದನ್ನು ಪೂರ್ವಕ್ಕೆ, ಒಂದನ್ನು ಪಶ್ಚಿಮಕ್ಕೆ ಬಿಡುತ್ತಾನೆ.

ಬಾಗಿಲು ತೆಗೆದ ಮಗಳು "ಬಾಮ್ಮ" ಎಂದಳು. ಅದರ ಬೆನ್ನಿಗೇ "ಏನೂ ಜೋಡಿಸೋಕೆ ಹೋಗ್ಬೇಡ" ಎಂದಳು. ನಾನಿನ್ನೂ ಚೀಲ ಕೆಳಗಿಟ್ಟಿರಲಿಲ್ಲ.

ಜೋಡಿಸುವುದನ್ನು ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ? ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಉಪಕರಣಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು. ಕತ್ತರಿ, ಚಿಮಟ, ಸೂಜಿ ಎಲ್ಲವನ್ನೂ ತೊಳೆಸಿ, ಬೇಯಿಸಿ, ತಟ್ಟೆಯಲ್ಲಿ ಸಾಲಾಗಿ ಇಡಬೇಕು. ಪ್ರತಿಯೊಂದಕ್ಕೂ ಒಂದು ಜಾಗ. ಹೋದ ವರ್ಷ ನಿವೃತ್ತಿಯಾಯಿತು. ಡ್ಯೂಟಿ ಮುಗಿದ ಮೇಲೆ ವರದಿ ಬರೆಯುವ ಚಟ ಮಾತ್ರ ಹೋಗಿಲ್ಲ, ಅದಕ್ಕೇ ಈ ದಿನಚರಿ. ಇದನ್ನು ತಪಾಸಣೆ ಮಾಡುವ ಮೇಲಧಿಕಾರಿ ಯಾರೂ ಇಲ್ಲವಾದ್ದರಿಂದ ಮನಸ್ಸಿನಲ್ಲಿರುವುದನ್ನು ಬರೆದುಬಿಡುತ್ತೇನೆ. ನಾನು ಇಲ್ಲಿಗೆ ಅಳಿಯ ಕರೆದನೆಂದು ಬಂದವಳು. ಆ ಪ್ಲಾಸ್ಟರ್ ಬಿಚ್ಚುವುದರೊಳಗೆ ಮಗಳು ತಾನಾಗಿ ಒಂದು ಸಲ "ಇರಮ್ಮ" ಅಂದರೆ ಸಾಕು. ನನಗೆ ಇನ್ನೇನೂ ಬೇಡ.

ಫ್ರಿಜ್ಜಿನ ಮೇಲೆ ಬೆರಳಾಡಿಸಿ ನೋಡಿದೆ. ಧೂಳು. ಬೆರಳನ್ನು ಸೆರಗಿಗೆ ಒರೆಸಿಕೊಂಡೆ, ಅಷ್ಟೇ.

ಜನವರಿ ೯, ಮಂಗಳವಾರ

ಮಗಳು ಕೆಲಸ ಮಾಡುವ ಕೋಣೆಯನ್ನು ಇವತ್ತು ನೋಡಿದೆ. ನೋಡಿ ಕಣ್ಣು ಮುಚ್ಚಿಕೊಂಡೆ. ಮೇಜಿನ ಮೇಲೆ ಮೂರು ಚಹಾದ ಲೋಟ, ಒಂದು ಕಾಲುಚೀಲ, ಅಲ್ಲಲ್ಲಿ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಬಿಸಾಡಿದ ಮಾರ್ಕರುಗಳ ಕಟ್ಟುಗಳು. ಅವಳು ಕಾಮಿಕ್ ಪುಸ್ತಕ ಮಾಡುತ್ತಾಳೆ. ಕಥೆ ಅವಳದೇ, ಚಿತ್ರ ಅವಳದೇ, ಬಣ್ಣವೂ ಅವಳದೇ. ಎರಡು ಪುಸ್ತಕ ಬಂದಿವೆ. ಒಂದೊಂದು ಪ್ರತಿ ನನಗೆ ಕಳಿಸಿದ್ದಳೋ ಇಲ್ಲವೋ ನೆನಪಿಲ್ಲ. ಇಲ್ಲ, ಕಳಿಸಿಲ್ಲ. ಬಂದಿದ್ದರೆ ಕಪಾಟಿನಲ್ಲಿ ಅದರ ಜಾಗದಲ್ಲಿ ಇರುತ್ತಿತ್ತು.

ಮೂರನೆಯದಕ್ಕೆ ಕಪ್ಪು ಗೆರೆಗಳೆಲ್ಲ ಆಗಿವೆ, ಬಣ್ಣ ಬಾಕಿ. ಫೆಬ್ರವರಿ ಏಳಕ್ಕೆ ಪುಟಗಳು ಮುದ್ರಕನ ಕೈ ಸೇರದಿದ್ದರೆ ತಿಂಗಳ ಕೊನೆಯ ಕಾಮಿಕ್ ಮೇಳಕ್ಕೆ ಪುಸ್ತಕ ಬರುವುದಿಲ್ಲ. ವರ್ಷಕ್ಕೊಂದೇ ಮೇಳ. ಕಂಪ್ಯೂಟರಿನಲ್ಲಿ ಬಣ್ಣ ತುಂಬಬಹುದಲ್ಲ ಎಂದು ಕೇಳಿದೆ. "ತುಂಬಬಹುದಮ್ಮ. ಆಗ ಅದು ನನ್ನ ಪುಸ್ತಕ ಆಗಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಆಮೇಲೆ ನನಗೆ ಬೆನ್ನು ಮಾಡಿ ಎಡಗೈಯಲ್ಲಿ ಒಂದು ಆಕಾಶಕ್ಕೆ ನೀಲಿ ಹಚ್ಚಿದಳು. ಅರ್ಧ ಬೋಳಿಸಿದ ಗಡ್ಡದ ಹಾಗೆ ಆಯಿತು. ಅವಳ ಭುಜ ಅಲುಗಿದ್ದು ಕಂಡಿತು. ನಗುತ್ತಿರಲಿಲ್ಲ.

ಜನವರಿ ೧೧, ಗುರುವಾರ

"ಕೊಡಿಲ್ಲಿ," ಎಂದೆ.

"ಅಮ್ಮ, ಇದು ಮಕ್ಕಳ ಬಣ್ಣದ ಪುಸ್ತಕ ಅಲ್ಲ."

"ನಾನು ಕಣ್ಣಿನ ಆಪರೇಷನ್ ಸೂಜಿಗಳನ್ನ ಎತ್ತಿಟ್ಟಿರೋಳು. ಒಂದು ದಿನ ಕೈ ನಡುಗಿದ್ದು ನೋಡಿದೀಯಾ?"

ಅಳಿಯ ಅಡುಗೆಮನೆಯಿಂದಲೇ "ಕೊಟ್ಟು ನೋಡೇ" ಎಂದ. ಕೊಟ್ಟಳು, ಒಲ್ಲದ ಮನಸ್ಸಿನಿಂದ, ರದ್ದಿ ಹಾಳೆಯ ಮೇಲೆ.

ಬೆಳಗಿನಿಂದ ಸಂಜೆಯವರೆಗೆ ಪಾಠ. ಮಾರ್ಕರ್ ಎಂದರೆ ಪೆನ್ನಲ್ಲ, ಸೀಸೆಯೊಳಗಿನ ಚುರುಕು ನೀರು. ಎರಡು ತುದಿಯಲ್ಲೂ ಮೂತಿ, ಒಂದು ಕುಂಚದಂತೆ ಮೆತ್ತಗೆ, ಇನ್ನೊಂದು ಉಳಿಯಂತೆ ಚಪ್ಪಟೆ. ಮುಚ್ಚಳದ ಬಣ್ಣವನ್ನು ನಂಬಬಾರದು, ಒಳಗಿರುವುದು ಬೇರೆಯೇ. ಮೊದಲು ತಿಳಿ ಬಣ್ಣ, ಅದು ಒದ್ದೆ ಇರುವಾಗಲೇ ಗಾಢ ಬಣ್ಣ. ಒಣಗಿದ ಮೇಲೆ ಮತ್ತೆ ಎಳೆದರೆ ಪಟ್ಟೆ ಪಟ್ಟೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕೈ ನಿಲ್ಲಬಾರದು. "ಕೈ ನಿಂತ್ರೆ ಬಣ್ಣ ಹರಿಯುತ್ತೆ. ಗೆರೆ ದಾಟಿ ಹೋಗ್ಬಿಡುತ್ತೆ. ಆಮೇಲೆ ದೇವ್ರು ಬಂದ್ರೂ ವಾಪಸ್ ತರೋಕಾಗಲ್ಲ," ಎಂದಳು.

ಸಂಜೆ ಒಂದು ನಿಜವಾದ ಪುಟ ಕೊಟ್ಟಳು. ಅದರಲ್ಲಿ ಆಕಾಶ ಮಾತ್ರ ನನ್ನದು. ಎಡ ಮೂಲೆಯಿಂದ ಹಿಡಿದು ಬಲ ಮೂಲೆವರೆಗೆ ಉಸಿರು ಬಿಗಿಹಿಡಿದು ಎಳೆದೆ. ಒಂದು ಪಟ್ಟೆ ಇಲ್ಲ, ಒಂದು ಕಲೆ ಇಲ್ಲ. ಮಗಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ "ಹ್ಞೂಂ" ಎಂದಳು. ಬರೀ ಹ್ಞೂಂ. ನನಗೆ ಅನ್ನ ಸೇರಲಿಲ್ಲ, ಅಷ್ಟು ಖುಷಿ.

ಜನವರಿ ೧೪, ಭಾನುವಾರ

ಆಕಾಶ, ಆಕಾಶ, ಗೋಡೆ, ಆಕಾಶ. ಮನುಷ್ಯರನ್ನು ಮಾತ್ರ ಮುಟ್ಟಲು ಬಿಡುತ್ತಿಲ್ಲ. ಪುಟ ಕೊಡುವಾಗ ಜನ ಇರುವ ಚೌಕಗಳ ಮೇಲೆ ಕಾಗದ ಅಂಟಿಸಿ ಮುಚ್ಚಿ ಕೊಡುತ್ತಾಳೆ, ಮಸಿ ಸಿಡಿಯಬಾರದಂತೆ. ನನ್ನ ಕೈಯಿಂದ ಇದುವರೆಗೆ ಒಂದು ಹನಿ ಸಿಡಿದಿಲ್ಲ. ಕೇಳಿದರೆ ಅಳಿಯನ ಮುಖ ನೋಡುತ್ತಾಳೆ. ಅವನು ಮೇಲಿನ ಫ್ಯಾನ್ ನೋಡುತ್ತಾನೆ.

ಆದರೂ ಒಂದು ಮಾತು. ಇಷ್ಟು ವಯಸ್ಸಾದರೂ ಆಕಾಶದ ತಳದಲ್ಲಿ ತೆಳು ಹಳದಿ ಇರುತ್ತದೆಂದು ನಾನು ಕಂಡಿರಲಿಲ್ಲ. ಸಂಜೆ ತರಕಾರಿಗೆ ಹೋದವಳು ರಸ್ತೆಯ ಮಧ್ಯೆ ನಿಂತು ಮೇಲೆ ನೋಡಿದೆ. ಸ್ಕೂಟರಿನವನೊಬ್ಬ ಬೈದುಕೊಂಡು ಹೋದ.

ಜನವರಿ ೧೭, ಬುಧವಾರ

ಇವತ್ತು ಮನಸ್ಸಿಗೆ ತೃಪ್ತಿಯಾಗುವ ಒಂದು ಕೆಲಸ ಮಾಡಿದೆ. ನೋವಿನ ಮಾತ್ರೆ ನುಂಗಿ ಮಗಳು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದಳು. ಅಷ್ಟರಲ್ಲಿ ಮಾರ್ಕರುಗಳ ಆ ಕಟ್ಟುಗಳನ್ನೆಲ್ಲ ಬಿಚ್ಚಿದೆ. ಒಂದೇ ಕಟ್ಟಿನಲ್ಲಿ ಹಸಿರು, ಕಂದು, ನೇರಳೆ, ಬೂದಿ. ತಲೆ ಬುಡ ಇಲ್ಲ. ಒಂದೊಂದರ ಮೇಲೂ ನಂಬರು ಮುದ್ರಿಸಿರುವಾಗ ಹೀಗೆ ಇಡುವುದುಂಟೇ? ಗಾಜಿನ ಜಾಡಿಗಳನ್ನು ತೊಳೆದು ಒರೆಸಿ, ನಂಬರಿನ ಪ್ರಕಾರ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿದೆ. ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ ಕಂಡಿತು. ಎದ್ದ ಮೇಲೂ ಅವಳು ಇವತ್ತು ಈ ಕೋಣೆಗೆ ಬರಲಿಲ್ಲ, ನಾಳೆ ನೋಡಿ ಏನನ್ನುತ್ತಾಳೋ.

ಜನವರಿ ೧೮, ಗುರುವಾರ

ಏನೂ ಅನ್ನಲಿಲ್ಲ. ಜಾಡಿಗಳ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ಹೇಳಿದಳು. ಆ ಒಂದೊಂದು ಕಟ್ಟೂ ಒಬ್ಬೊಬ್ಬರದಂತೆ. ಈ ಕಟ್ಟು ನಾಯಕಿಯ ಚರ್ಮ, ಕೂದಲು, ಅಂಗಿ, ಆ ಕಟ್ಟು ಖಳನಾಯಕಿಯದು, ಇನ್ನೊಂದು ಊರಿನವರದು. ಯಾವ ನಂಬರು ಯಾರದೆಂದು ಅವಳು ಎಲ್ಲೂ ಬರೆದಿಟ್ಟಿಲ್ಲ. ಕಟ್ಟು ಕೈಗೆ ತೆಗೆದುಕೊಂಡರೆ ಆ ಮನುಷ್ಯರೇ ಕೈಗೆ ಬಂದಂತೆ. ಎರಡು ಪುಸ್ತಕದಲ್ಲಿ ಇದ್ದ ಬಣ್ಣವೇ ಮೂರನೆಯದರಲ್ಲೂ ಇರಬೇಕು, ಒಂದು ಹಸಿರು ಆಚೀಚೆಯಾದರೂ ಓದುವ ಮಕ್ಕಳು ಕಂಡುಹಿಡಿಯುತ್ತಾರೆ.

ಸಾಲದ್ದಕ್ಕೆ ಮಾರ್ಕರನ್ನು ನಿಲ್ಲಿಸಿಯೇ ಇಡಬಾರದಂತೆ. ಮಲಗಿಸಿ ಇಡಬೇಕು. ನಿಲ್ಲಿಸಿದರೆ ಮಸಿಯೆಲ್ಲ ಕೆಳಗಿಳಿದು ಒಂದು ಮೂತಿ ಸೋರುತ್ತದೆ, ಇನ್ನೊಂದು ಒಣಗುತ್ತದೆ. ನಾನು ಅಷ್ಟು ಚೆಂದಕ್ಕೆ ನಿಲ್ಲಿಸಿದ ಮಕ್ಕಳಲ್ಲಿ ಅರ್ಧಕ್ಕೆ ಮೂಗು ಸುರಿಯುತ್ತಿತ್ತು.

"ನೀನು ಬಂದ್ರೆ ನಂಗೆ ಖುಷಿನೇ ಆಗುತ್ತಮ್ಮ," ಎಂದಳು. "ಆಮೇಲೆ ಉಸಿರು ಕಟ್ಟುತ್ತೆ."

ಹೋಗಿ ಅಕ್ಕಿ ತೊಳೆದೆ. ಅವಳಪ್ಪ ಇದ್ದಿದ್ದರೆ ನಡುವೆ ಬಂದು ಇಬ್ಬರನ್ನೂ ನಗಿಸುತ್ತಿದ್ದರು. ಆ ಕೆಲಸಕ್ಕೆ ಅವರು ಹೋದ ಮೇಲೆ ಯಾರನ್ನೂ ನೇಮಿಸಿಕೊಂಡಿಲ್ಲ.

ಜನವರಿ ೨೧, ಭಾನುವಾರ

ಮಾರ್ಕರುಗಳೆಲ್ಲ ಮೂರು ದಿನದಿಂದ ಹಾಸಿಗೆ ಹಿಡಿದಿವೆ, ಎಂದರೆ ಮಲಗಿವೆ. ಹೆಚ್ಚಿನವು ಚೇತರಿಸಿಕೊಂಡವು. ನಾನು ಕದಡಿದ್ದನ್ನು ನಾನೇ ತಿಳಿಮಾಡುತ್ತೇನೆಂದು ಹಟ ಹಿಡಿದು ಕೂತೆ. ಬೇರೆ ದಾರಿಯಿಲ್ಲದೆ ಮಗಳು ಮೊದಲ ಎರಡು ಪುಸ್ತಕ ತಂದುಕೊಟ್ಟಳು. ಕೊಡುವಾಗ ಅವಳ ಮುಖ ಔಷಧಿ ಕುಡಿದ ಹಾಗಿತ್ತು. "ಬಣ್ಣ ಮಾತ್ರ ನೋಡು. ಕಥೆ ಓದ್ಬೇಡ," ಎಂದಳು. ಪುಸ್ತಕ ಕೊಟ್ಟು ಓದಬೇಡ ಎಂದರೆ ಯಾರು ಬಿಡುತ್ತಾರೆ?

ನಾಯಕಿಯ ಹೆಸರು ಗಜಿಬಿಜಿ. ಹೆಸರಿಗೆ ತಕ್ಕ ಹುಡುಗಿ. ಕಿತ್ತಳೆ ಬಣ್ಣದ ಕೂದಲು, ಬಾಚಣಿಗೆ ಕಂಡರಿಯದ್ದು. ಆ ಕೂದಲು ಬೇಕಾದಾಗ ಏಣಿಯಾಗುತ್ತದೆ, ಸೇತುವೆಯಾಗುತ್ತದೆ. ಅವಳ ಶತ್ರು ಓರಣಮ್ಮ. ಊರನ್ನು ಚೊಕ್ಕ ಮಾಡಲು ಹೊರಟ ಹೆಂಗಸು. ಸೊಟ್ಟ ಹರಿಯುವ ನದಿಯನ್ನು ನೆಟ್ಟಗೆ ಮಾಡುತ್ತಾಳೆ. ಮೋಡಗಳನ್ನು ಗಾತ್ರದ ಪ್ರಕಾರ ಜೋಡಿಸುತ್ತಾಳೆ. ಬೀದಿಯಲ್ಲಿ ಬಿದ್ದಿರುವ ಜನರ ನೆರಳುಗಳನ್ನು ಮಡಚಿ ಕಪಾಟಿನಲ್ಲಿಡುತ್ತಾಳೆ. ಮಾತೆತ್ತಿದರೆ "ಪ್ರತಿಯೊಂದಕ್ಕೂ ಒಂದು ಜಾಗ" ಎನ್ನುತ್ತಾಳೆ.

ನನಗೆ ಅರ್ಥವಾಗದ್ದು ಇಷ್ಟೇ, ಇವಳು ಖಳನಾಯಕಿ ಹೇಗಾದಳು? ನದಿ ನೆಟ್ಟಗಿದ್ದರೆ ಯಾರಿಗೆ ನಷ್ಟ? ಇಡೀ ಪುಸ್ತಕದಲ್ಲಿ ತಲೆ ನೆಟ್ಟಗಿರುವವಳು ಇವಳೊಬ್ಬಳೇ. ರಾತ್ರಿ ಊಟಕ್ಕೆ ಕೂತಾಗ ಹಾಗೆಂದೇ ಹೇಳಿದೆ. ಅಳಿಯನಿಗೆ ಅನ್ನ ನೆತ್ತಿಗೇರಿತು. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಜನವರಿ ೨೪, ಬುಧವಾರ

ಇವತ್ತು ಸಿಕ್ಕಿತು. ಓರಣಮ್ಮನ ಕೋಟಿನ ಹಸಿರು ಎಲ್ಲಕ್ಕಿಂತ ಹೆಚ್ಚು ಕಾಡಿತ್ತು. ಎಲೆಯ ಹಸಿರಲ್ಲ, ಪಾಚಿಯದೂ ಅಲ್ಲ. ಯಾವ ಮಾರ್ಕರ್ ಹಚ್ಚಿದರೂ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಚಳಿಯೆಂದು ಸ್ವೆಟರ್ ಹಾಕಿಕೊಂಡು ಮೇಜಿನ ಮುಂದೆ ಕೂತೆ. ಪುಸ್ತಕದ ಮೇಲೆ ತೋಳು ಬಿತ್ತು. ನೋಡುತ್ತೇನೆ, ಅದೇ ಹಸಿರು! ಡ್ಯೂಟಿಗೆ ದಿನಾ ಹಾಕಿಕೊಂಡು ಹೋಗುತ್ತಿದ್ದ ನನ್ನ ಹಳೇ ಸ್ವೆಟರ್. ಎಂಥ ಕಾಕತಾಳೀಯ. ಪುಸ್ತಕದ ಚಿತ್ರ ಅಂಗೈಯಷ್ಟು, ಸ್ವೆಟರಾದರೆ ಧಾರಾಳವಾಗಿ ನೋಡಬಹುದು. ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಅದನ್ನೇ ನೋಡಿಕೊಂಡು ಮೂರು ಹಸಿರು, ಒಂದು ಬೂದಿ ಆರಿಸಿದೆ. ಸರಿಯಾಗಿ ಕೂತಿತು.

ಅಳಿಯ ಚಹಾ ಕುಡಿಯುತ್ತಾ ಬಂದವನು ಸ್ವೆಟರ್ ನೋಡಿದ, ಪುಟ ನೋಡಿದ, ನನ್ನನ್ನು ನೋಡಿದ. ಚಹಾ ಅವನ ಮೂಗಿನಿಂದ ಬಂತು. ಮೂರು ದಿನದಲ್ಲಿ ಎರಡನೇ ಸಲ. ಈಜುವವರಿಗೆ ಶ್ವಾಸ ಚೆನ್ನಾಗಿರುತ್ತದೆಂದು ಕೇಳಿದ್ದೆ.

ಈಗ ಮನುಷ್ಯರೂ ನನ್ನವರೇ. ಮಗಳು ಕೈಚೆಲ್ಲಿದ್ದಾಳೆ. "ಹಚ್ಚು, ಇನ್ನೇನು ಉಳೀತು," ಎಂದಳು.

ಜನವರಿ ೨೭, ಶನಿವಾರ

ಗಜಿಬಿಜಿಯ ಕೂದಲು. ನಾಲ್ಕು ಕಿತ್ತಳೆ, ಒಂದು ಕೆಂಪು. ಬೆಳಿಗ್ಗೆ ಕೂತವಳು ಎದ್ದಾಗ ದೀಪ ಹಾಕಿದ್ದರು. ಬರೆಯಲು ಕೈ ಬರುತ್ತಿಲ್ಲ.

ಜನವರಿ ೩೧, ಬುಧವಾರ

ಪೇಟೆಗೆ ಹೋದಾಗ ಔಷಧದಂಗಡಿಯವನು ನಗುತ್ತಾನೆ. ಯಾಕೆಂದು ಮನೆಗೆ ಬಂದು ಕನ್ನಡಿ ನೋಡಿದರೆ ಗಲ್ಲದ ಮೇಲೆ ಹಸಿರು. ಉಗುರಿನ ತುಂಬ ಕಿತ್ತಳೆ. ಇರಲಿ ಎಂದು ಬಿಟ್ಟೆ. ಪಾತ್ರೆ ಬೆಳಗಿನಿಂದ ತೊಟ್ಟಿಯಲ್ಲೇ ಇವೆ, ಯಾರಾದರೂ ತೊಳೆಯುತ್ತಾರೆ. ನನಗೆ ಓರಣಮ್ಮನ ಮುಖ ಮುಗಿಸಬೇಕಿತ್ತು.

ಈ ಪುಸ್ತಕದಲ್ಲಿ ಓರಣಮ್ಮ ಇಡೀ ಊರಿಗೇ ಒಂದು ಬಾಚಣಿಗೆ ಮಾಡಿಸಿದ್ದಾಳೆ. ಬೆಟ್ಟದಿಂದ ಬೆಟ್ಟಕ್ಕೆ ಹಿಡಿದು ಎಳೆಯುವ ಅಂದಾಜು. ಅವಳ ಮುಖಕ್ಕೆ ಮಗಳು ಮೊದಲ ಪುಸ್ತಕಗಳಲ್ಲಿ ಬೂದಿ ಬಣ್ಣವನ್ನೇ ಹಾಕಿದ್ದಳು. ನನಗೆ ಮನಸ್ಸು ಬರಲಿಲ್ಲ. ಒಂದು ಎಳೆ ಗುಲಾಬಿ ತೆಗೆದು ಕೆನ್ನೆಗೆ ಮುಟ್ಟಿಸಿದೆ, ಒದ್ದೆಯಲ್ಲೇ ಅಂಚು ಬೆರೆಸಿದೆ. ತಕ್ಷಣ ಉಸಿರು ಬಂದಂತಾಯಿತು.

ಮಗಳು ಬೆನ್ನ ಹಿಂದೆ ಬಂದು ನಿಂತಿದ್ದಳು. "ಓರಣಮ್ಮಂಗೆ ಕೆನ್ನೆ ಕೆಂಪು ಮಾಡಿದೀಯಾ?"

"ನದಿನ ನೆಟ್ಟಗೆ ಮಾಡಿ ಬಂದಿದಾಳೆ. ಸುಸ್ತಾಗಿರಲ್ವಾ ಪಾಪ?"

ಬೈಯುತ್ತಾಳೆಂದುಕೊಂಡೆ. ಅವಳು ಬಗ್ಗಿ ಆ ಮುಖ ನೋಡಿದಳು. "ಇರ್ಲಿ," ಎಂದು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಎಡಗೈಯಲ್ಲಿ ಪಾತ್ರೆ ತೊಳೆಯುವ ಸದ್ದು. ಒಂದು ಲೋಟ ಒಡೆಯಿತು. ನಾನು ಕೆನ್ನೆಯ ಗುಲಾಬಿ ಬಿಟ್ಟು ಏಳಲಿಲ್ಲ.

ಫೆಬ್ರವರಿ ೩, ಶನಿವಾರ

ಮುಗಿಯಿತು. ಬಾಚಣಿಗೆಯ ಹಲ್ಲುಗಳಿಗೆ ಗಜಿಬಿಜಿಯ ಕೂದಲು ಸಿಕ್ಕಿ, ಊರೆಲ್ಲ ಎಳೆದಾಡಿ, ಕೊನೆಗೆ ಬಾಚಣಿಗೆ ಮುರಿದು ನದಿಗೆ ಬೀಳುತ್ತದೆ. ನದಿ ಮೊದಲಿನ ಹಾಗೆ ಸೊಟ್ಟ. ಊರಿನವರು ಕುಣಿಯುವ ಪುಟಕ್ಕೆ ನನ್ನ ಬಳಿ ಇದ್ದ ಬಣ್ಣವನ್ನೆಲ್ಲ ಸುರಿದಿದ್ದೇನೆ. ಕೂತಲ್ಲೇ ಕಾಲು ತಾಳ ಹಾಕುತ್ತಿತ್ತು.

"ಆಮೇಲೆ ಓರಣಮ್ಮ ಏನಾದ್ಲು?" ಎಂದು ಕೇಳಿದೆ.

"ಒಂದು ಪುಟ ಇದೆ. ಅದಕ್ಕೆ ಬಣ್ಣ ಬೇಡ," ಎಂದಳು ಮಗಳು. ಹೇಳಿ, ಹಲ್ಲುಜ್ಜಲು ಹೋದಳು. ಮಧ್ಯಾಹ್ನ ಮೂರು ಗಂಟೆಗೆ ಯಾರು ಹಲ್ಲುಜ್ಜುತ್ತಾರೆ?

ಫೆಬ್ರವರಿ ೫, ಸೋಮವಾರ

ಮಗಳು ಕೈಯ ಎಕ್ಸ್‌ರೇಗೆ ಹೋಗಿದ್ದಳು. ಪುಟಗಳನ್ನು ಕ್ರಮವಾಗಿ ಜೋಡಿಸಿ ಕಟ್ಟುವ ಕೆಲಸ ನನಗೆ ಬಿಟ್ಟಿದ್ದಳು, ಅದೊಂದಕ್ಕೆ ಅನುಮತಿ ಇದೆ. ಜೋಡಿಸಿದರೆ ಕೊನೆಯ ಪುಟ ಇಲ್ಲ. ಅಳಿಯನನ್ನು ಕೇಳಿದೆ. ಅವನು ಯೋಚನೆಯಿಲ್ಲದೆ ಕಪಾಟಿನ ಹಿಂದಿನಿಂದ ತೆಗೆದು "ಇಲ್ಲೇ ಇದೆಯಲ್ಲ ಅತ್ತೆ" ಎಂದು ಕೊಟ್ಟ. ಕೊಟ್ಟ ಮೇಲೆ ಅವನ ಮುಖದ ಬಣ್ಣ ಇಳಿಯಿತು.

ಇಡೀ ಪುಟಕ್ಕೆ ಒಂದೇ ಚಿತ್ರ. ಓರಣಮ್ಮ ಒಂದು ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾಳೆ. ಕೋಣೆಯಲ್ಲಿ ಎಲ್ಲವೂ ಅದರದರ ಜಾಗದಲ್ಲಿದೆ. ಬೇರೆ ಯಾರೂ ಇಲ್ಲ. ಮುಡಿಗೆ ಸಿಕ್ಕಿಸಿದ ಪೆನ್ಸಿಲ್, ಕೊರಳಿಗೆ ದಾರದಲ್ಲಿ ನೇತುಬಿದ್ದ ಕನ್ನಡಕ. ಒಂದು ಚಮಚವನ್ನು ಬೆರಳಿನಿಂದ ನೇರ ಮಾಡುತ್ತಿದ್ದಾಳೆ. ಅಂಚಿನಲ್ಲಿ ಮಗಳ ಪೆನ್ಸಿಲ್ ಅಕ್ಷರ: ಬಣ್ಣ ಬೇಡ, ಬಿಳಿಯಾಗಿಯೇ ಇರಲಿ.

ಕುರ್ಚಿಯ ಮುರಿದ ಕೈಗೆ ಬ್ಯಾಂಡೇಜ್ ಸುತ್ತಿದೆ.

ಆ ಕುರ್ಚಿ ನನ್ನದು. ಬ್ಯಾಂಡೇಜ್ ಸುತ್ತಿದವಳೂ ನಾನೇ.

ಫೆಬ್ರವರಿ ೬, ಮಂಗಳವಾರ

ಬೆಳಿಗ್ಗೆ ಎದ್ದು ಚೀಲ ತುಂಬಿದೆ. ಅಳಿಯ ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಂಡ. "ಅತ್ತೆ, ಅದು ಅವಳು ಹೋದ ವರ್ಷ ನಿಮ್ಮ ಮನೆಯಿಂದ ಬಂದಾಗ ಬರೆದಿದ್ದು. ಬರೀವಾಗ ಅಳ್ತಿದ್ಲು," ಎಂದ. ನಾನು ಚೀಲದ ಜಿಪ್ ಎಳೆದೆ. ಅವನು ಕೆಲಸಕ್ಕೆ ಹೋದ. ಮಗಳು ಇನ್ನೂ ಎದ್ದಿರಲಿಲ್ಲ.

ಸ್ವೆಟರ್ ತರಲು ಅವಳ ಕೋಣೆಗೆ ಹೋದೆ. ಕುರ್ಚಿಯ ಬೆನ್ನಿಗೆ ಹಾಗೇ ಇತ್ತು. ಅದರ ಪಕ್ಕದಲ್ಲೇ ಪುಸ್ತಕ. ನಾನೆಂಥ ಬೆಪ್ಪು, ಈ ಸ್ವೆಟರನ್ನು ಎದುರಿಗಿಟ್ಟುಕೊಂಡು ಆ ಕೋಟಿಗೆ ಬಣ್ಣ ಹಚ್ಚಿದ್ದೇನೆ. ಅಳಿಯನ ಮೂಗಿನಿಂದ ಬಂದ ಚಹಾ ನೆನಪಾಗಿ, ಅಷ್ಟು ಸಂಕಟದಲ್ಲೂ ನಗು ಬಂತು. ಸ್ವೆಟರ್ ತೊಟ್ಟುಕೊಂಡು, ನಿಂತೇ ಪುಸ್ತಕದ ಪುಟ ತಿರುಗಿಸಿದೆ. ಬೆರಳಿನಿಂದ ಧೂಳು ನೋಡುವ ರೀತಿ, ಅದು ನಾನು. ಮೆಟ್ಟಿಲು ಇಳಿಯುವಾಗ ಎಡಗಾಲು ಮೊದಲು, ಅದೂ ನಾನು. ಸಿಟ್ಟು ಬಂದಾಗ ಕೋಟಿನ ಎರಡನೇ ಗುಂಡಿ ಹಾಕಿ ಬಿಚ್ಚುತ್ತಾಳೆ. ನಾನು ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ, ಕೆಳಗೆ ನೋಡಿದರೆ ಸ್ವೆಟರಿನ ಎರಡನೇ ಗುಂಡಿ ಬಿಚ್ಚಿತ್ತು. ಇಷ್ಟು ಗಮನವಿಟ್ಟು ನನ್ನನ್ನು ಯಾರೂ ನೋಡಿಲ್ಲ. ಸಿಟ್ಟಿನಲ್ಲೇ ನೋಡಿರಲಿ. ಬೇಡವಾದವರನ್ನು ಇಷ್ಟು ನೋಡುತ್ತಾರೆಯೇ?

ಕೊನೆಯ ಪುಟ ತೆಗೆದು ಮೇಜಿನ ಮೇಲೆ ಹಾಸಿದೆ. ಓರಣಮ್ಮನ ಮಾರ್ಕರುಗಳನ್ನು ಕಟ್ಟಿನಿಂದ ಬಿಚ್ಚಿದೆ. ಮೊದಲು ತಿಳಿ ಹಸಿರು, ಒದ್ದೆಯಿರುವಾಗಲೇ ಗಾಢ ಹಸಿರು. ಕೋಟು ಚೆನ್ನಾಗಿ ಬಂತು. ಕೆನ್ನೆಗೆ ಗುಲಾಬಿ. ಆಮೇಲೆ ಗಾಢ ಹಸಿರಿನ ಮೂತಿಯನ್ನು ಕೋಟಿನ ಅಂಚಿಗೆ, ಗೆರೆಗೆ ಸರಿಯಾಗಿ ಇಟ್ಟು ಕೈ ನಿಲ್ಲಿಸಿದೆ.

ಮಗಳು ಯಾವಾಗ ಬಂದಳೋ. "ಅಮ್ಮ," ಎಂದಳು ಮೆಲ್ಲಗೆ. "ಕೈ ನಿಂತಿದೆ."

"ಗೊತ್ತು," ಎಂದೆ.

ಹಸಿರು ಗೆರೆ ದಾಟಿತು. ಕುರ್ಚಿಯ ಬ್ಯಾಂಡೇಜಿಗೆ ಹತ್ತಿತು, ನೆಲಕ್ಕಿಳಿಯಿತು, ಚಮಚದ ಕಡೆ ಹೊರಟಿತು. ಇರುವುದು ಇದೊಂದೇ ಹಾಳೆ, ನಾಳೆ ಮುದ್ರಕನಿಗೆ ಕೊಡಬೇಕು. ನನ್ನ ಕೈ ಅಲುಗಲಿಲ್ಲ. ಇನ್ನೊಂದು ಕಡೆ ಇಟ್ಟೆ, ಅಲ್ಲೂ ನಿಲ್ಲಿಸಿದೆ. ಚಿತ್ರದ ಬಾಗಿಲ ಸಂದಿಯಲ್ಲಿ ಗಜಿಬಿಜಿಯ ಕಿತ್ತಳೆ ಇಟ್ಟು ಹರಿಯಲು ಬಿಟ್ಟೆ. ಎರಡೂ ನೆಲದ ಮಧ್ಯೆ ಸೇರಿ, ಹೆಸರಿಲ್ಲದ ಯಾವುದೋ ಬಣ್ಣವಾಯಿತು. ನಾನು ಜೀವಮಾನದಲ್ಲಿ ಮಾಡಿದ ಅತಿ ಕೊಳಕು ಕೆಲಸ. ನೋಡಲು ಎಷ್ಟು ಚೆನ್ನಾಗಿತ್ತು.

ತಿರುಗಿ ನೋಡಿದರೆ ಮಗಳ ಕಣ್ಣಲ್ಲಿ ನೀರು. "ಸಿಟ್ಟಲ್ಲಿ ಬರೆದಿದ್ದಮ್ಮ. ನೀನು ಆ ಕುರ್ಚಿಲಿ ಹಾಗೆ ಕೂತಿದ್ದು ನೋಡಿ ಭಯ ಆಗಿತ್ತು. ಭಯ ಅಂತ ಹೇಳೋಕೆ ಬರ್ಲಿಲ್ಲ."

"ಚೆನ್ನಾಗೇ ಬರೆದಿದೀಯ. ಗುಂಡಿನೂ ಬಿಟ್ಟಿಲ್ಲ," ಎಂದೆ. "ಆದ್ರೆ ಕುರ್ಚಿ ಒಂದೇ ಹಾಕಿದೀಯಲ್ಲ. ಮನೆಗೆ ಯಾರಾದ್ರೂ ಬಂದ್ರೆ ಎಲ್ಲಿ ಕೂರ್ತಾರೆ?"

ಅವಳು ಮೂಗು ಒರೆಸಿಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದು, ಹಸಿರು ಕಿತ್ತಳೆ ಸೇರಿದ ಜಾಗದಲ್ಲಿ ಇನ್ನೊಂದು ಕುರ್ಚಿ ಬರೆದಳು. ಮೂರು ಕಾಲು ಬಂದವು, ನಾಲ್ಕನೆಯದು ಎಲ್ಲಿಗೋ ಹೋಯಿತು. "ಮೇಕೆ ತರ ಇದೆ," ಎಂದೆ. ಅವಳು ನಕ್ಕಳು ನೋಡಿ, ಪ್ಲಾಸ್ಟರ್ ಮೇಜಿಗೆ ಬಡಿಯುವಷ್ಟು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ಇಬ್ಬರೂ ನೆಲದ ಮೇಲೆ ಕೂತೆವು. ಪೆನ್ಸಿಲ್ಲಿನಲ್ಲಿ ಬರೆದಿದ್ದ ಮಾತನ್ನು ಅವಳೇ ಉಜ್ಜಿ ಅಳಿಸಿದಳು.

ಚೀಲ ಬಿಚ್ಚಬೇಕು. ನಾಳೆ ನೋಡೋಣ.

ಫೆಬ್ರವರಿ ೭, ಬುಧವಾರ

ಪುಟಗಳು ಮುದ್ರಕನ ಕೈ ಸೇರಿದವು. ಕೊನೆಯ ಪುಟ ನೋಡಿ ಅವನು "ಇಲ್ಲಿ ಬಣ್ಣ ಹರಿದಿದೆ ಮೇಡಂ, ಸರಿಮಾಡ್ಲಾ?" ಎಂದನಂತೆ. ಮಗಳು "ಅದನ್ನ ಮುಟ್ಟಿದ್ರೆ ನಮ್ಮಮ್ಮ ಬರ್ತಾರೆ" ಎಂದಳಂತೆ.

ಫೆಬ್ರವರಿ ೧೯, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕೈ ತೆಳ್ಳಗೆ, ಬೆಳ್ಳಗೆ. ಮನೆಗೆ ಬಂದು ಅವಳು ಮೊದಲು ಮಾಡಿದ ಕೆಲಸ ನನ್ನ ತಲೆ ಬಾಚಿದ್ದು. ಕೈಗೆ ವ್ಯಾಯಾಮ ಬೇಕಂತೆ. ನನ್ನ ಮುಡಿಯ ಪೆನ್ಸಿಲ್ ತೆಗೆದು ಎಲ್ಲಿಟ್ಟಳೋ, ಹುಡುಕಬೇಕು. ಅಥವಾ ಬೇಡ.

ನಾನು ಚೀಲ ತೆಗೆದುಕೊಂಡು ಹೊರಟೆ. ಬಾಗಿಲವರೆಗೆ ಬಂದು ಅವಳು, "ಇರಮ್ಮ, ಇನ್ನೊಂದು ವಾರ" ಎಂದಳು.

"ಇಲ್ಲಪ್ಪ, ಮನೇಲಿ ಕೆಲಸ ಇದೆ," ಎಂದೆ. ಕೈ ಮುರಿಯುವ ಮುಂಚೆಯೇ ಅವಳು ಗೆರೆ ಎಳೆದಿಟ್ಟಿದ್ದ ನಾಲ್ಕನೇ ಪುಸ್ತಕದ ಮೊದಲ ಆರು ಆಕಾಶ ನನ್ನ ಚೀಲದಲ್ಲಿವೆ, ನೀಲಿಗಳ ಒಂದು ಕಟ್ಟೂ ಇದೆ. ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತೆ. ಕಿಟಕಿಯಾಚೆ ಆಕಾಶದ ತಳದಲ್ಲಿ ಇವತ್ತು ಹಳದಿಯಲ್ಲ, ತುಸು ನೇರಳೆ. ಅದಕ್ಕೆ ಯಾವ ಮಾರ್ಕರ್ ಎಂದು ಯೋಚಿಸುತ್ತಾ ಇಳಿಯುವ ನಿಲ್ದಾಣವೇ ದಾಟಿಹೋಯಿತು. ಹಿಂದಕ್ಕೆ ನಡೆದು ಬರುವಾಗ, ಮನೆಯ ತಿರುವಿನಲ್ಲಿ, ಬಾಗಿಲಲ್ಲಿ ಅವಳು ಏನಂದಳೆಂದು ನೆನಪಾಯಿತು.

ಫೆಬ್ರವರಿ ೨೫, ಭಾನುವಾರ

ಮೇಳಕ್ಕೆ ಹೋಗಿದ್ದೆ. ಸಭಾಂಗಣದ ತುಂಬ ಮೇಜುಗಳು, ಮೇಜಿನ ತುಂಬ ಪುಸ್ತಕ, ಕಾಲಿಡಲು ಜಾಗವಿಲ್ಲದಷ್ಟು ಮಕ್ಕಳು. ನನ್ನನ್ನು ಕಂಡು ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. "ಬೇಕು ಅಂತಲೇ ಆ ಸ್ವೆಟರ್ ಹಾಕ್ಕೊಂಡು ಬಂದಿದೀಯಾ?"

"ಚಳಿ," ಎಂದೆ. ಹೊರಗೆ ಸುಡು ಬಿಸಿಲಿತ್ತು.

ಪುಸ್ತಕದ ಮೊದಲ ಪುಟದಲ್ಲಿ ಬರೆದವಳ ಹೆಸರಿನ ಕೆಳಗೆ "ಬಣ್ಣ: ನಮ್ಮಮ್ಮ" ಎಂದು ಅಚ್ಚಾಗಿದೆ. ಅದನ್ನು ಓದಿ ಕಣ್ಣು ಮಂಜಾಯಿತು, ಕನ್ನಡಕ ಒರೆಸುವ ನೆಪದಲ್ಲಿ ಪಕ್ಕಕ್ಕೆ ಸರಿದೆ. ಆಗ ಒಂದು ಪುಟ್ಟ ಹುಡುಗಿ ಮೇಜಿನ ಮುಂದೆ ಬಂದಳು. ಕೈಯಲ್ಲಿ ಹಳೆಯ ಎರಡು ಪುಸ್ತಕ, ತಲೆಯೋ ಹಕ್ಕಿ ಗೂಡು. ನನ್ನ ಮುಡಿ ನೋಡಿದಳು, ಕನ್ನಡಕದ ದಾರ ನೋಡಿದಳು, ಸ್ವೆಟರ್ ನೋಡಿದಳು. ಒಂದು ಹೆಜ್ಜೆ ಹಿಂದಕ್ಕಿಟ್ಟಳು. ನನ್ನ ಕೈ ತಂತಾನೇ ಅವಳ ಕೂದಲಿನ ಕಡೆ ಹೋಗುತ್ತಿತ್ತು, ಅರ್ಧದಲ್ಲಿ ಹಿಡಿದು ಜೇಬಿಗೆ ಹಾಕಿಕೊಂಡೆ.

"ನೀವು ನಿಜವಾಗ್ಲೂ ನದಿನ ನೆಟ್ಟಗೆ ಮಾಡ್ತೀರಾ?" ಎಂದು ಕೇಳಿದಳು.

ಮಗಳು ಸಹಿ ಹಾಕುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಮಾಡ್ತಿದ್ದೆ ಮರಿ," ಎಂದೆ. "ಈಗ ರಿಟೈರ್ ಆಗಿದೀನಿ."